ಹಿಟ್ಟಿನ ಒಡತಿ

ಲಿವೊರ್ನೊ
ಗುರುವಾರ, 23 ಏಪ್ರಿಲ್ 1981

ಮುದ್ದಿನ ತಿಲ್ದೆಗೆ, ನಿನ್ನ ಎಲ್ವೀರಾ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಅಮ್ಮನನ್ನು, ನನ್ನ ನೊರೀನಾಳನ್ನು, ನಿನ್ನೆ ಮಣ್ಣು ಮಾಡಿದರು. ನೀನು ಟೊರಿನೊದಿಂದ ಕಳಿಸಿದ ಹೂಚಕ್ರ ಬಂತು, ಚೆನ್ನಾಗಿತ್ತು. ಪಾದ್ರಿಗಳು ನಿನ್ನ ಸೋದರಮಾವನ ಕೈ ಹಿಡಿದು ಸಮಾಧಾನ ಹೇಳಿದರು. ನಾನು ಇಗರ್ಜಿಯ ಕೊನೆಯ ಬೆಂಚಿನಲ್ಲಿದ್ದೆ. ಅಲ್ಲಿ ಯೆಹೂದಿ ಹೆಂಗಸಿಗೆ ಯಾರು ಏನು ಹೇಳುತ್ತಾರೆ? ನಮ್ಮಲ್ಲಿ ಸಾವಾದರೆ ಮನೆಯವರು ಏಳು ದಿನ ನೆಲದ ಮೇಲೆ ಕೂರುತ್ತಾರೆ, ನೆರೆಯವರು ಊಟ ತರುತ್ತಾರೆ. ಒಂದನೇ ತರಗತಿಯಿಂದ ಅವಳ ಜೊತೆಗಿದ್ದರೂ ಬರೀ ಗೆಳತಿಯಾದ ನನಗೆ ಅಂಥದ್ದೇನೂ ಇಲ್ಲ. ಮನೆಗೆ ಬಂದು ಸಾರು ಬಿಸಿ ಮಾಡಿ ಕುಡಿದೆ. ಉಪ್ಪಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅಳು ಬರಲಿಲ್ಲ ತಿಲ್ದೆ, ಈಗಲೂ ಬಂದಿಲ್ಲ.

ಇರಲಿ, ವ್ಯವಹಾರದ ಮಾತಿಗೆ ಬರುತ್ತೇನೆ. ನಮ್ಮ ಪಾಸ್ಖ ಹಬ್ಬದ ಎಂಟು ದಿನ ಯೆಹೂದಿಯ ಒಡೆತನದಲ್ಲಿ ಬ್ರೆಡ್ಡು, ಹುಳಿಹಿಟ್ಟು, ಬಿಸ್ಕತ್ತು ಇರಬಾರದು. ಅದಕ್ಕೇ ನನ್ನ ಬೇಕರಿಯಲ್ಲಿದ್ದದ್ದನ್ನೆಲ್ಲ ಪ್ರತಿ ವರ್ಷ ನಿನ್ನ ಅಮ್ಮನಿಗೆ ಮಾರುತ್ತಿದ್ದೆ, ಹಬ್ಬ ಮುಗಿದ ಸಂಜೆ ವಾಪಸು ಕೊಳ್ಳುತ್ತಿದ್ದೆ. ಇದು ಆಟವಲ್ಲ, ನಿಜವಾದ ಮಾರಾಟ. ನೊರೀನಾಳಂತೂ ಅದನ್ನು ತೀರಾ ನಿಜ ಮಾಡಿಕೊಂಡಿದ್ದಳು. ಬೀಗ ತೆಗೆದು ಗಲ್ಲಾದ ಹಿಂದೆ ಕೂತು ಬಾದಾಮಿ ಬಿಸ್ಕತ್ತು ಕಡಿಯುತ್ತ, ನಾನು ಆ ಕಡೆ ಹಾದರೆ, ನನ್ನ ಅಂಗಡಿ ಮುಂದೆ ನಿನಗೇನಮ್ಮಾ ಕೆಲಸ ಎಂದು ಕೇಳುತ್ತಿದ್ದಳು. ಚಿಕ್ಕಂದಿನಿಂದಲೂ ಅವಳ ಬಾಯಿ ಹಾಗೇ. ಯುದ್ಧಕಾಲದಲ್ಲಿ ಜರ್ಮನ್ ಸಿಪಾಯಿಗಳ ಎದುರು ನಿಂತು, ಇವಳು ನನ್ನ ತಂಗಿ ಎಂದದ್ದೂ ಅದೇ ಬಾಯಿ. ಆ ಮಾತು ಬಿಡು.

ಈ ಸಲ ಅವಳು ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ಕ್ಷೌರದಂಗಡಿಯವನಿಗೆ ಮಾರುತ್ತೇನೆ ಎಂದದ್ದಕ್ಕೆ ಕೆಂಡವಾದಳು. ಶುಭ ಶುಕ್ರವಾರವೆಂದೂ ನೋಡದೆ ಬಾಯಿಗೆ ಬಂದಂತೆ ಬೈದು, ಮುಂಗಡವೆಂದು ನನ್ನ ಕೈಗೊಂದು ನಾಣ್ಯ ತುರುಕಿ, ಬೀಗದ ಕೈ ಕಿತ್ತುಕೊಂಡಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಹಬ್ಬದ ಮಧ್ಯೆ ನಾನು ಹೋದ್ರೆ ಅದೆಲ್ಲ ತಿಲ್ದೆಗೆ ಸೇರುತ್ತೆ. ನಿನಗೆ ವಾಪಸ್ ಮಾರೋಕಾದ್ರೂ ಅವಳು ಬರ್ಲೇಬೇಕಲ್ಲೇ."

ಬದುಕಿರುವಾಗಲೇ ಕರೆಯೇ ಮಾರಾಯ್ತಿ ಎಂದೆ.

"ಕರೆದ್ರೆ ಬರ್ತಾಳಾ? ನಾನು ಅವಳಿಗೆ ಅಂದಿದ್ದು ಕಮ್ಮೀನಾ?"

ವಿಚ್ಛೇದನವಾದ ಉಂಬೆರ್ತೊನನ್ನು ಕಟ್ಟಿಕೊಂಡೆಯೆಂದು ಅವಳು ನಿನಗೆ ಬಾಗಿಲು ಹಾಕಿದ್ದು ತಪ್ಪು. ನಾಲ್ಕು ವರ್ಷ ಅವಳಿಗೆ ಅದನ್ನೇ ಹೇಳಿದೆ. ಹೇಳಿದಾಗೆಲ್ಲ ನನ್ನ ಜೊತೆ ಮಾತು ಬಿಡುತ್ತಿದ್ದಳು, ಎರಡು ದಿನಕ್ಕೆ ಏನೂ ಆಗದವಳಂತೆ ಕಾಫಿಗೆ ಬರುತ್ತಿದ್ದಳು. ಮಂಗಳವಾರ ನಿದ್ದೆಯಲ್ಲೇ ಹೋದಳು. ಬೀಗದ ಕೈ ಅವಳ ದಿಂಬಿನ ಕೆಳಗಿದೆ. ನಾನು ಮುಟ್ಟಿಲ್ಲ, ಅದು ನನ್ನದಲ್ಲ.

ಭಾನುವಾರ ಕತ್ತಲಾದ ಮೇಲೆ ಹಬ್ಬ ಮುಗಿಯುತ್ತದೆ. ಅಷ್ಟರೊಳಗೆ ಬಾ. ಉಂಬೆರ್ತೊನನ್ನೂ ಕರೆದುಕೊಂಡು ಬಾ, ಈಗ ಬಾಗಿಲು ಹಾಕುವವರು ಯಾರೂ ಇಲ್ಲ. ಹಿಟ್ಟಿನ ಮೂಟೆ, ಡಬ್ಬಿ ತುಂಬ ಬಿಸ್ಕತ್ತು, ಎಲ್ಲ ನಿನ್ನದು. ನೀನು ಮಾರುವ ತನಕ ನಾನು ಒಲೆ ಹಚ್ಚುವಂತಿಲ್ಲ. ಅಂಚೆಯನ್ನು ನಂಬದೆ, ಟೊರಿನೊ ರೈಲಿನ ಗಾರ್ಡ್ ನಮ್ಮ ಗಿರಾಕಿಯಾದ್ದರಿಂದ ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನ ದಾರಿ ನೋಡುತ್ತಿರುವ,
ಎಲ್ವೀರಾ ಚಿಕ್ಕಮ್ಮ

ಮತ್ತೊಂದು ಮಾತು: ನಮ್ಮ ಧರ್ಮಗುರು ರಬ್ಬಿಗಳನ್ನು ವಿಚಾರಿಸಿದೆ. ನೀನು ಅಲ್ಲಿಂದಲೇ ಫೋನಿನಲ್ಲಿ ಮಾರಿದೆ ಎಂದರೂ ನಡೆಯುತ್ತದಂತೆ. ಮುಚ್ಚಿಡಬಾರದೆಂದು ಬರೆದಿದ್ದೇನೆ. ಆದರೆ ನೀನು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ.