ಅತಿಯಾಗಿ ಒರೆಸಿದ್ದು

"ಒರೆಸೋದು ಅತಿಯಾದ್ರೆ ಬಿರುಕೂ ಮಾಯ ಆಗಿಬಿಡುತ್ತೆ ಕಣೋ" ಅಂತಲೋ ಏನೋ ನೀನು ಅಂದಿದ್ದೆ. ಇವತ್ತು ಹೆಚ್ಚುಕಡಿಮೆ ಅದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ನಿನ್ನ ವಿಳಾಸ ಈಗ ಯಾರ ಹತ್ತಿರವೂ ಇಲ್ಲ. ಇದ್ದಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ.

ವಿಮಾನದ ಚಕ್ರ ಹೊರುವ ಲ್ಯಾಂಡಿಂಗ್ ಗೇರ್‌ನ ಒಂದು ಕಾಲು ಬಿಚ್ಚಿಕೊಂಡು ನಮ್ಮ ಮೇಜಿಗೆ ಬಂದಿತ್ತು. ಕೆಂಪು ಬಣ್ಣ ಹಚ್ಚಿ, ಬಿರುಕೇನಾದರೂ ಇದ್ದರೆ ಅದರೊಳಗೆ ಇಳಿಯಲೆಂದು ಇಪ್ಪತ್ತು ನಿಮಿಷ ಕಾದು, ಮೇಲೆ ಉಳಿದದ್ದನ್ನು ಒರೆಸುತ್ತಿದ್ದೆ. ನಿನ್ನ ಜಾಗಕ್ಕೆ ಬಂದಿರುವ ಹೆಂಗಸು ನನ್ನ ಕೈ ತಡೆದಳು. ಬಿರುಕಿಲ್ಲ ಎಂದು ಈಗ ಸಹಿ ಹಾಕುವವಳು ಅವಳೇ.

"ಸಾಕು ಬಿಡಿ ಸಾರ್. ಮನೇಲಿ ಪಾತ್ರೆ ತಿಕ್ಕೋದು ನೀವೇನಾ? ಬಿರುಕಿದ್ರೆ ಅದರೊಳಗಿನ ಬಣ್ಣಾನೂ ಅಳಿಸಿ ಹೋಗುತ್ತೆ."

ಮೊದಲಿನಿಂದ ಮಾಡಿದೆವು. ಈ ಸಲ ಅವಳೇ ಒರೆಸಿದಳು. ಒಳಗಿಳಿದ ಬಣ್ಣವನ್ನು ಹೀರಿ ತೋರಿಸುವ ಬಿಳಿ ಪುಡಿ ಸಿಂಪಡಿಸಿದ ಮೇಲೆ, ಕಾಲಿನ ತಿರುವಿನ ಹತ್ತಿರ ಕೂದಲೆಳೆಯಷ್ಟು ಕೆಂಪು ಗೆರೆ ಮೆಲ್ಲಗೆ ಮೂಡಿತು.

"ನಿಮ್ಮ ಕೈಗೆ ಬಿಟ್ಟಿದ್ರೆ ಇದು ಹಾಗೇ ಹಾರೋಕೆ ಹೋಗ್ತಿತ್ತು" ಎಂದು ನಕ್ಕಳು. ನಾನೂ ನಕ್ಕೆ.

ನಿನ್ನ ಕಥೆ ಅವಳ ಕಿವಿಗೂ ಬಿದ್ದಿದೆ: ಬಿರುಕು ಕಾಣದೆ ಸಹಿ ಹಾಕಿದವನು, ಇಳಿಯುವಾಗ ವಿಮಾನದ ಕಾಲು ಮುರಿದ ಮೇಲೆ ಲೈಸೆನ್ಸ್ ಕಳೆದುಕೊಂಡವನು. ಆ ಕಾಲನ್ನು ಒರೆಸಿದವರು ಯಾರೆಂದು ಯಾವ ಕಾಗದದಲ್ಲೂ ಇಲ್ಲ.

ವಿಚಾರಣೆಯ ಕೋಣೆಯಲ್ಲಿ ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಇದ್ದೆ. "ಒರೆಸಿದ್ದು ಯಾರು?" ಎಂದು ಅಧಿಕಾರಿಗಳು ಕೇಳಿದಾಗ ನೀರಿನ ಲೋಟ ಎತ್ತಿಕೊಂಡೆ. ನೀನು ಸ್ವಲ್ಪ ಹೊತ್ತು ಬಿಟ್ಟು, "ಸಹಿ ನನ್ನದು" ಎಂದಷ್ಟೇ ಹೇಳಿದೆ. ಅಷ್ಟು ಹೊತ್ತೂ, ನಾನು ಲೋಟ ಕೆಳಗಿಡಲಿ ಎಂದು ಕಾಯುತ್ತಿದ್ದೆಯಾ?