ಖಾಲಿ ಪರದೆಯ ಮೇಲಿನ ಬೆರಳು

ಮಂಗಳವಾರ, ಜೂನ್ ೧೪

ಆ ಬೆರಳು ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಮನೆ ಹಂಚಿಕೆ ವಿಭಾಗದ ಕ್ಲರ್ಕ್ ಅಕ್ಕ ಲಾಗಿನ್ ಆದರೆ ಅವರದರ ಬದಲು ತಾತ್ಕಾಲಿಕ ಪ್ರೊಫೈಲ್ ಬಂದಿತ್ತು, ಪರದೆ ಬಟಾಬಯಲು. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ನನ್ನನ್ನು ಕರೆದರು. ಅರ್ಜಿಗಳನ್ನೆಲ್ಲ ಡೆಸ್ಕ್‌ಟಾಪಿನಲ್ಲೇ ಪೇರಿಸಿ ಪೇರಿಸಿ ಅವರ ಪ್ರೊಫೈಲ್, ಅಂದರೆ ಅವರ ಪರದೆಯಲ್ಲಿರುವುದೆಲ್ಲದರ ಗಂಟು, ಊದಿಕೊಂಡು, ಸರ್ವರ್‌ನಿಂದ ಇಳಿಯಲಾಗದೆ ನಿಂತಿತ್ತು. ಎಷ್ಟು ಸಲ ಹೇಳಿದ್ದೆ! ರೇಗುತ್ತಲೇ ಕೇಳಿದೆ, "ಏನೇನಿತ್ತು, ನೆನಪಿದೆಯಾ ಅಕ್ಕಾ?"

ಖಾಲಿ ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿ ಕಣ್ಣು ಕಾಣದ ಮೇಷ್ಟ್ರು, ಅವರಿಗೆ ಮನೆ ಸಿಕ್ತು. ಪಕ್ಕದಲ್ಲಿ ಅವಳಿ ಮಕ್ಕಳ ತಾಯಿ, ಅವಳಿಗೂ ಆಯ್ತು. ಈ ಕೆಳಗಿನ ಮೂಲೇಲಿ ಇರೋರಿಗೆ ಇನ್ನೂ ಸಿಕ್ಕಿಲ್ಲಪ್ಪ."

ಹೀಗೆ ಅವರು ತೋರಿಸುತ್ತಾ ಹೋದ ನಲವತ್ತು ಅರ್ಜಿಗಳ ಜಾಗ ಬರೆದುಕೊಂಡೆ. ಸಂಜೆ ಪ್ರೊಫೈಲ್ ಮರಳಿದಾಗ ತಾಳೆ ನೋಡಿದೆ. ಒಂದೂ ಆಚೀಚೆ ಆಗಿರಲಿಲ್ಲ.

ಡೆಸ್ಕ್‌ಟಾಪ್ ಖಾಲಿ ಮಾಡಿಸುವುದು ನನ್ನದೇ ನಿಯಮ. ಮನೆ ಸಿಕ್ಕವರನ್ನೆಲ್ಲ ಸರ್ವರ್ ಫೋಲ್ಡರಿಗೆ ಸಾಗಿಸಿದೆ. ಆ ಮೂಲೆಗೆ ಮಾತ್ರ ಕೈ ಹೋಗಲಿಲ್ಲ.