ಎರಡನೆಯ ರೊಟ್ಟಿ

ಬೈಲಹೊಂಗಲ
11 ನವೆಂಬರ್ 2025

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀನು ಎರಡು ಮೆಟ್ಟಿಲು ಹತ್ತಲು ಕಂಬ ಹಿಡಿದುಕೊಂಡಿದ್ದೆ. ನಾನು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ನಿನ್ನ ಜೊತೆ ಅಡಿಗೆ ಮಾಡುವ ಸತ್ಯವ್ವನಿಗೆ ಕೊಟ್ಟುಬಿಟ್ಟೆಯೋ? ಕೊಟ್ಟೇ ಇರುತ್ತೀ. ಬೇರೆಯವರ ವಿಷಯದಲ್ಲಿ ನಿನ್ನ ಕೈ ಯಾವಾಗಲೂ ಧಾರಾಳ. ನಾನು ಆರಾಮಾಗಿದ್ದೇನೆ. ಫೋನು ಬಿಟ್ಟು ಪತ್ರ ಬರೆದಳಲ್ಲ ಎಂದು ಗಾಬರಿಯಾಗಬೇಡ. ನಿನ್ನ ಫೋನು ಹಾಸ್ಟೆಲ್ ಅಡಿಗೆಮನೆಯ ಕಿಟಕಿಯಲ್ಲಿರುತ್ತದೆ, ನಾವು ಮಾತಾಡಿದ್ದೆಲ್ಲ ಊರಿಗೇ ಕೇಳಿಸುತ್ತದೆ. ನಾಲ್ಕನೇ ಇಯತ್ತೆ ಓದಿದವಳು ನೀನು. ಉಗ್ರಾಣದಲ್ಲಿ ಜೋಳದ ಚೀಲದ ಮೇಲೆ ಕೂತು ನಿಧಾನವಾಗಿ ಓದು, ಯಾರ ಕೈಯಲ್ಲೂ ಓದಿಸಬೇಡ. ಯಾರಿಗೂ ಅನುಮಾನ ಬಾರದಿರಲಿ ಎಂದು ಲಕೋಟೆಯ ಹಿಂದೆ ಕಳಿಸಿದವರ ಜಾಗದಲ್ಲಿ ಸಿರಸಂಗಿಯ ಯಲ್ಲವ್ವಜ್ಜಿಯ ಹೆಸರು ಹಾಕಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ಸುದ್ದಿ ಒಳ್ಳೆಯದೇ. ಮುಂಬೈಯ ದೊಡ್ಡ ಇಂಗ್ಲಿಷ್ ಮಾಸಿಕವೊಂದು ನನ್ನ ಲೇಖನ ಒಪ್ಪಿಕೊಂಡಿದೆ. ಅವರು ಪದದ ಲೆಕ್ಕದಲ್ಲಿ ಕೊಡುತ್ತಾರೆ. ತಹಶೀಲ್ದಾರ್ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಒಂದಿಡೀ ಪುಟ ಟೈಪ್ ಮಾಡಿದರೆ ನನಗೆ ಸಿಗುವಷ್ಟು ಅಲ್ಲಿ ಒಂದೇ ಪದಕ್ಕೆ ಸಿಗುತ್ತದೆ. ಆರು ವರ್ಷ ನಾನು ಕನ್ನಡ ಪುರವಣಿಗಳಿಗೆ ಬರೆದೆ. ಸಂಭಾವನೆ ಎಂದರೆ ಒಂದು ಪ್ರತಿ ಪತ್ರಿಕೆ, ಅದನ್ನೂ ಎಷ್ಟೋ ಸಲ ನಾನೇ ಕೊಂಡೆ. ಕೊನೆಗೆ ಜಿದ್ದಿಗೆ ಬಿದ್ದು ದುಡ್ಡು ಕೊಡುವ ಕಡೆಗೇ ಬರೆಯುವುದೆಂದು ಇಂಗ್ಲಿಷನ್ನು ತಿದ್ದಿ ತಿದ್ದಿ ಕಲಿತೆ. ಅವರು ಹೊಸಬರ ಇಡೀ ಲೇಖನ ಓದುವುದಿಲ್ಲ ಅವ್ವಾ. ಏನು ಬರೆಯುತ್ತೀ, ನೀನೇ ಯಾಕೆ ಬರೆಯಬೇಕು ಎಂದು ಮೊದಲು ಅರ್ಧ ಪುಟ ಬರೆದು ಕಳಿಸಬೇಕು. ಅಂಥ ನಲವತ್ತೊಂದು ಅರ್ಧ ಪುಟ ಕಳಿಸಿದೆ. ನಮ್ಮೂರ ಹತ್ತಿ ಪೇಟೆ, ಕಿತ್ತೂರಿನ ಹೆದ್ದಾರಿ ಹೋಟೆಲು, ಮಲಪ್ರಭೆಯ ಪ್ರವಾಹ, ಸವದತ್ತಿಯ ಬಳೆಗಾರರು, ಯಾವುದನ್ನೂ ಬಿಡಲಿಲ್ಲ. ಯಾವುದಕ್ಕೂ ಉತ್ತರವಿಲ್ಲ. ನಲವತ್ತೆರಡನೆಯದಕ್ಕೆ ಸಂಪಾದಕಿ ಒಂದೇ ಸಾಲು ಬರೆದಳು: ಇವನ್ನು ಯಾರು ಬೇಕಾದರೂ ಬರೆಯಬಹುದು, ನಿನಗೆ ಮಾತ್ರ ಗೊತ್ತಿರುವುದು ಏನು? ಆಗ ನಾನು ಅಂಗಡಿಯಲ್ಲಿ ಯಾರೋ ಅಜ್ಜನ ಪಿಂಚಣಿ ಅರ್ಜಿ ತುಂಬುತ್ತಿದ್ದೆ. ತಾಯಿಯ ಹೆಸರಿನ ಕಾಲಂ ಹತ್ತಿರ ನನ್ನ ಕೈ ನಿಂತಿತು.

ನಿನಗೂ ನೆನಪಾಗಿರಬೇಕು. ಅಪ್ಪ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತ ಆರು ತಿಂಗಳಿಗೆ ದೊಡ್ಡಪ್ಪ ನಮ್ಮಿಬ್ಬರನ್ನೂ ಹೊರಗೆ ಹಾಕಿದ. ರಾಮದುರ್ಗದ ಹಾಸ್ಟೆಲಿನಲ್ಲಿ ತಂದೆತಾಯಿ ಇಬ್ಬರೂ ಇಲ್ಲದ ಹುಡುಗಿಯರಿಗಷ್ಟೇ ಜಾಗ. ನೀನು ಯಲ್ಲವ್ವಜ್ಜಿಯನ್ನು ಪೋಷಕಿ ಮಾಡಿ ನನ್ನನ್ನು ಕಳಿಸಿದೆ. ಅರ್ಜಿಯಲ್ಲಿ ನೀನೇ ಬರೆಸಿದೆ: ತಾಯಿ ರಾಜೇಶ್ವರಿ, ಮೃತ, ಕಾಮಾಲೆ. ಗಂಡನ ಮನೆಯವರು ಇಟ್ಟ ಆ ಹೆಸರನ್ನು ಅಲ್ಲೇ ಮಣ್ಣು ಮಾಡಿ, ತಿಂಗಳ ಮೇಲೆ ತವರಿನ ಹೆಸರಿನಲ್ಲಿ, ಗುರವ್ವ ಎಂದು ಹೇಳಿಕೊಂಡು, ಅದೇ ಹಾಸ್ಟೆಲಿಗೆ ಅಡಿಗೆಯವಳಾಗಿ ಬಂದು ಸೇರಿದೆ. ಬುದ್ಧಿವಂತೆ ನೀನು, ಈಗಲೂ ಮೆಚ್ಚುತ್ತೇನೆ. ಆದರೆ ನನಗಾಗ ಎಂಟು ವರ್ಷ. ನೀನು ಬಂದ ಮೂರನೆಯ ದಿನ ತಾಟು ಹಿಡಿದು ನಿಂತಾಗ ಬಾಯಿ ತಪ್ಪಿ ಅವ್ವಾ ಎಂದುಬಿಟ್ಟೆ. ನೀನು ಕುದಿಯುವ ಸಾರಿನಿಂದ ತೆಗೆದ ಸೌಟಿನಿಂದಲೇ ನನ್ನ ಎಡಗೈಗೆ ಹೊಡೆದೆ. “ಯಾರು ಅವ್ವ ನಿನಗ? ಏ ಹುಡುಗಿ, ಸಾಲಿನ್ಯಾಗ ನಿಂದ್ರ!” ಅಂದೆ. ಉಳಿದವರು ಕೇಳಿದರೆ ಎರಡನೆಯ ರೊಟ್ಟಿ ಕೊಡುತ್ತಿದ್ದೆ. ನನಗೆ ಅಲ್ಲಿದ್ದ ಎಂಟು ವರ್ಷದಲ್ಲಿ ಒಂದು ಸಲವೂ ಕೊಡಲಿಲ್ಲ. ಒಮ್ಮೆ ಪಾತ್ರೆ ತೊಳೆಯುವ ಕಲ್ಲಿನ ಹಿಂದೆ ನನ್ನನ್ನು ಎಳೆದುಕೊಂಡು ಹೋಗಿ, “ಮಂದಿಗಿ ಸಂಶೇ ಬರಬಾರ್ದವಾ, ತಿಳಕೋ” ಅಂದೆ. ತಿಳಿದುಕೊಂಡೆ. ಹಸಿವು ಮಾತ್ರ ತಿಳಿದುಕೊಳ್ಳಲಿಲ್ಲ.

ಇದನ್ನೇ ಬರೆದೆ. ಮೊದಲು ಇದ್ದದ್ದು ಇದ್ದಂತೆಯೇ ಬರೆದಿದ್ದೆ. ಆದರೆ ಆ ಪತ್ರಿಕೆಯಲ್ಲಿ ಒಂದು ಪದ್ಧತಿಯಿದೆ. ಲೇಖನದಲ್ಲಿ ಬರುವ ಬದುಕಿರುವವರಿಗೆಲ್ಲ ಅವರ ಪರಿಶೀಲಕರು ಫೋನ್ ಮಾಡಿ, ಇದು ನಿಜವೇ ಎಂದು ಕೇಳುತ್ತಾರೆ. ಕಾಗದಪತ್ರವನ್ನೂ ನೋಡುತ್ತಾರೆ. ನೀನು ಹೌದು ಎಂದರೆ ಸುಳ್ಳು ಅರ್ಜಿ ಹೊರಬಂದು, ಮಾರ್ಚಿಯಲ್ಲಿ ನಿವೃತ್ತಿಯಾಗಬೇಕಾದವಳು ಈಗಲೇ ಬರಿಗೈಯಲ್ಲಿ ಬೀದಿಗೆ ಬರುತ್ತೀ. ಇಲ್ಲ ಎಂದರೆ ನನ್ನ ಲೇಖನ ಬಿದ್ದುಹೋಗುತ್ತದೆ. ಎರಡು ದಿನ ಯೋಚಿಸಿ ನಿನ್ನನ್ನು ಸಾಯಿಸಿದೆ. ಸತ್ತವರಿಗೆ ಯಾರೂ ಫೋನ್ ಮಾಡುವುದಿಲ್ಲ. ತಾಯಿ ಸತ್ತದ್ದಕ್ಕೆ ಆಧಾರ ಕೇಳಿದರು. ಎಸ್ಸೆಸ್ಸೆಲ್ಸಿ ಮುಗಿದಾಗ ಹಾಸ್ಟೆಲಿನ ಗುಮಾಸ್ತ ಗಂಗಯ್ಯ ಕೊಟ್ಟ ಫೈಲಿನಲ್ಲಿ ಆ ಅರ್ಜಿಯ ಪ್ರತಿ ಇತ್ತು. ಹಾಗೆ ನೋಡಿದರೆ ಸಾಯಿಸಿದವಳು ನಾನಲ್ಲ. ನೀನು ಬರೆಸಿದ್ದನ್ನು ಸ್ಕ್ಯಾನ್ ಮಾಡಿ ಕಳಿಸಿದೆ, ಅಷ್ಟೇ. ಪರಿಶೀಲನೆಯ ಹೆಂಗಸು ಬಹಳ ಒಳ್ಳೆಯವಳು. ನಿನ್ನ ಸಾವಿಗೆ ಸಂತಾಪ ಹೇಳಿದಳು. ನಾನು ಥ್ಯಾಂಕ್ಸ್ ಅಂದೆ.

ಹೀಗಾಗಿ ಲೇಖನದಲ್ಲಿ ಇಬ್ಬರು ಹೆಂಗಸರಿದ್ದಾರೆ. ಒಬ್ಬಳು ಸತ್ತುಹೋದ ರಾಜೇಶ್ವರಿ. ಮಗಳ ತಲೆ ಬಾಚುತ್ತಾಳೆ, ಬಿಸಿ ರೊಟ್ಟಿ ಮುರಿದು ಬೆಣ್ಣೆ ಹಚ್ಚಿ ಬಾಯಿಗಿಡುತ್ತಾಳೆ. ಇನ್ನೊಬ್ಬಳು ಅಡಿಗೆಯ ಗುರವ್ವ, ಕಲ್ಲೆದೆಯವಳು. ಬರೆಯುವಾಗ ಇಬ್ಬರೂ ಎಷ್ಟು ಸಲೀಸಾಗಿ ಬೇರೆಯಾದರು ಎಂದು ನನಗೇ ಹೆದರಿಕೆಯಾಯಿತು. ಅಡಿಗೆಯವಳ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತಾಯಿಯದನ್ನೇ ಕಲ್ಪಿಸಿಕೊಳ್ಳಬೇಕಾಯಿತು. ನೀನು ಅಳುತ್ತೀ ಎಂದು ಗೊತ್ತು. ನನ್ನನ್ನು ಉಳಿಸಲಿಕ್ಕೇ ಹಾಗೆ ಮಾಡಿದೆ ಎಂಬುದೂ ಗೊತ್ತು, ದಯವಿಟ್ಟು ಮತ್ತೆ ಹೇಳಬೇಡ. ನನಗೆ ನಿನ್ನ ಮೇಲೆ ಪ್ರೀತಿಯಿದೆ. ಸಿಟ್ಟೂ ಇದೆ. ಆ ಸಿಟ್ಟಿಗೆ ಇಷ್ಟು ವರ್ಷದ ಮೇಲೆ ಒಬ್ಬರು ಬೆಲೆ ಕೊಡುತ್ತೇನೆ ಎಂದಿದ್ದಾರೆ, ನಾನು ಬಿಡುವುದಿಲ್ಲ. ಇದೊಂದು ಬಂದರೆ ಉಳಿದ ಪತ್ರಿಕೆಗಳೂ ಬಾಗಿಲು ತೆಗೆಯುತ್ತವೆ. ಬರದಿದ್ದರೆ ಸಾಯುವ ತನಕ ಕಂಡವರ ಅರ್ಜಿ ತುಂಬುತ್ತ ಕೂತಿರುತ್ತೇನೆ.

ಮಾರ್ಚಿ ಮುಗಿದ ಮೇಲೆ ಇಲ್ಲಿಗೇ ಬಂದುಬಿಡು. ಮೆಟ್ಟಿಲಿಲ್ಲದ ಒಂದು ಖೋಲಿ ನೋಡಿಟ್ಟಿದ್ದೇನೆ, ನಲ್ಲಿಯೂ ಒಳಗೇ ಇದೆ. ಅಲ್ಲಿ ನಿನ್ನನ್ನು ಯಾರ ಮುಂದೆ ಬೇಕಾದರೂ ಅವ್ವಾ ಎನ್ನುತ್ತೇನೆ. ಥಂಡಿ ಶುರುವಾಗಿದೆ, ಬರಿಗಾಲಲ್ಲಿ ಹಿತ್ತಲಿಗೆ ಹೋಗಬೇಡ. ನಿನ್ನ ಕಾಲಿಗೆ ಹಣೆ ಹಚ್ಚಿ,

ನಿನ್ನ
ಶೀತಲ

ತಾ.ಕ.: ಮುಖ್ಯವಾದದ್ದೇ ಮರೆತಿದ್ದೆ. ಸಂಪಾದಕಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಡಿಗೆಯವಳು. ಅವಳ ಫೋಟೋ ಬೇಕೇ ಬೇಕಂತೆ. 24ನೇ ತಾರೀಖು, ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಫೋಟೋಗ್ರಾಫರನನ್ನು ಕರೆದುಕೊಂಡು ಬರುತ್ತೇನೆ. ಹಳೆಯ ವಿದ್ಯಾರ್ಥಿನಿ ಹಾಸ್ಟೆಲನ್ನು ಹೊಗಳಿ ಬರೆಯುತ್ತಾಳೆಂದುಕೊಂಡು ಗಂಗಯ್ಯ ಖುಷಿಯಿಂದ ಪರವಾನಗಿ ಕೊಟ್ಟಿದ್ದಾನೆ. ಅವತ್ತು ಬೆಳಿಗ್ಗೆ ಆ ಪರಿಶೀಲಕರಿಂದ ನಿನಗೊಂದು ಫೋನ್ ಬರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಹುಡುಗಿಗೆ ರೊಟ್ಟಿ ಕೊಡಲಿಲ್ಲವೇ, ಸೌಟಿನಿಂದ ಹೊಡೆದೆಯಾ ಎಂದು ಕೇಳಿದರೆ “ಹೌದ್ರಿ” ಅಂದು ಇಟ್ಟುಬಿಡು. ನಾನು ಹುಡುಗಿಯರ ಸಾಲಿನ ಕೊನೆಗೆ ತಾಟು ಹಿಡಿದು ನಿಂತಿರುತ್ತೇನೆ. ಎರಡನೆಯ ರೊಟ್ಟಿ ಕೇಳುತ್ತೇನೆ. ಕೊಡಬೇಡ. ಅಳಬೇಡ, ಅತ್ತರೆ ಯಾಕೆಂದು ಕೇಳುತ್ತಾರೆ. ನನ್ನ ಬಾಯಿ ತಪ್ಪಿ ಅವ್ವಾ ಎಂದು ಬಂದರೆ, ಸೌಟು ನಿನ್ನ ಕೈಯಲ್ಲೇ ಇರುತ್ತದಲ್ಲ.